ಚಂದ್ರನನ್ನು ತೋರಿಸುವ ಕೈಗಡಿಯಾರ

ಕೇಳುಗರೆಲ್ಲರಿಗೂ ನಮಸ್ಕಾರ.

ತಾರೀಖನ್ನೂ ಚಂದ್ರನ ಕಲೆಯನ್ನೂ ತೋರಿಸುವ ಕೀಲಿ ಗಡಿಯಾರವೊಂದು ಕೆಲವು ದಿನ ಪೆಟ್ಟಿಗೆಯಲ್ಲಿ ಉಳಿದು ನಿಂತುಹೋದರೆ, ಅದನ್ನು ಮತ್ತೆ ಕೈಗೆತ್ತಿಕೊಂಡವರು ಮೊದಲು ಸರಿಪಡಿಸಲು ಹೊರಡುವುದು ತಪ್ಪಾಗಿ ಕಾಣುವ ತಾರೀಖನ್ನು. ಆ ಆತುರದಲ್ಲಿಯೇ ಒಳಗಿನ ಹಲ್ಲು ಮುರಿಯುವ ಅಪಾಯವಿದೆ.

ಮೊದಲು ಕೀಲಿ ಕೊಡಬೇಕು. ಗಡಿಯಾರವನ್ನು ಬಿಚ್ಚಿ ಹಿಡಿದುಕೊಂಡೇ ಕೊಡುವುದು ಒಳ್ಳೆಯದು; ಕಟ್ಟಿಕೊಂಡಿರುವಾಗ ಬೆರಳು ಕೀಲಿ ಕೊಡುವ ಗುಂಡಿಯನ್ನು ಓರೆಯಾಗಿ ಎಳೆಯುವುದರಿಂದ ಅದರ ಸಣ್ಣ ಕಡ್ಡಿಯ ಮೇಲೆ ಒತ್ತಡ ಬೀಳುತ್ತದೆ. ಗುಂಡಿಯನ್ನು ಹೊರಗೆಳೆಯದೆ ಒಂದೇ ಹದದಲ್ಲಿ ತಿರುಗಿಸುತ್ತ ಹೋದರೆ, ಸಾಮಾನ್ಯವಾಗಿ 30ರಿಂದ 40 ಸುತ್ತಿನೊಳಗೆ ಬೆರಳಿಗೆ ಸ್ಪಷ್ಟವಾದ ತಡೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಕೈಯ ಅಲುಗಾಟದಿಂದ ತಾನೇ ಕೀಲಿ ತುಂಬಿಕೊಳ್ಳುವ ಆಟೋಮ್ಯಾಟಿಕ್ ಗಡಿಯಾರದಲ್ಲಿ ಈ ತಡೆ ಸಿಗುವುದಿಲ್ಲ; ಅದರ ಸ್ಪ್ರಿಂಗಿನ ಹೊರತುದಿ ಪೂರ್ತಿ ಬಿಗಿಯಾದ ಮೇಲೆ ಜಾರುವಂತೆ ಮಾಡಿರುತ್ತಾರೆ. ಒಮ್ಮೆ ಕೊಟ್ಟ ಕೀಲಿ ಹಲವು ಗಡಿಯಾರಗಳಲ್ಲಿ ಸುಮಾರು 40 ಗಂಟೆ ಬರುತ್ತದೆ. ಆದರೂ ಸ್ಪ್ರಿಂಗು ಸಡಿಲವಾದಂತೆ ಬಲ ಕುಗ್ಗಿ ವೇಳೆ ಏರುಪೇರಾಗುವುದರಿಂದ, ದಿನವೂ ಒಂದೇ ಹೊತ್ತಿಗೆ, ಸಾಧ್ಯವಾದರೆ ಬೆಳಿಗ್ಗೆ, ಕೀಲಿ ಕೊಡುವ ರೂಢಿಯೇ ಮೇಲು.

ಬಳಿಕ ಮುಳ್ಳುಗಳು. ತಾರೀಖು ಮಧ್ಯರಾತ್ರಿ ಥಟ್ಟನೆ ಬದಲಾದಂತೆ ಕಂಡರೂ, ಅದನ್ನು ತಳ್ಳುವ ಬೆರಳಿನಂಥ ಭಾಗ ಅನೇಕ ಗಡಿಯಾರಗಳಲ್ಲಿ ರಾತ್ರಿ 9ರ ಸುಮಾರಿಗೇ ತಾರೀಖಿನ ಚಕ್ರದ ಹಲ್ಲಿಗೆ ತಾಗಿ, ನಸುಕಿನ 3 ಗಂಟೆಯವರೆಗೂ ಅಲ್ಲಿಯೇ ಇರುತ್ತದೆ. ಮುಳ್ಳುಗಳು ಆ ಅವಧಿಯಲ್ಲಿ ನಿಂತಿರುವಾಗ ತಾರೀಖು ಬದಲಿಸುವ ಗುಂಡಿ ಒತ್ತಿದರೆ, ಒಂದೇ ಚಕ್ರವನ್ನು ಎರಡು ಕಡೆಯಿಂದ ತಳ್ಳಿದಂತಾಗುತ್ತದೆ. ಮುಖದ ಮೇಲೆ ಹಗಲೋ ರಾತ್ರಿಯೋ ತಿಳಿಯದು. ಆದ್ದರಿಂದ ತಾರೀಖು ಬದಲಾಗುವವರೆಗೆ ಮುಳ್ಳುಗಳನ್ನು ಮುಂದಕ್ಕೇ ತಿರುಗಿಸಿ, ಅದೇ ಮಧ್ಯರಾತ್ರಿಯೆಂದು ಎಣಿಸಿಕೊಂಡು, ಅಲ್ಲಿಂದ ಬೆಳಗಿನ 7ರವರೆಗೆ ತಂದು ನಿಲ್ಲಿಸಬೇಕು. ಅಲ್ಲಿ ತಾರೀಖನ್ನೂ ಚಂದ್ರನನ್ನೂ ಹೊಂದಿಸಿ, ಕೊನೆಗೆ ನಿಜವಾದ ವೇಳೆಗೆ ಮುಂದೊಯ್ಯಬೇಕು. ಮಧ್ಯಾಹ್ನ ಕಳೆದಿದ್ದರೆ 12ನ್ನು ಒಮ್ಮೆ ದಾಟಿಸುವುದನ್ನು ಮರೆಯಬಾರದು. ಸಾಮಾನ್ಯ ತಾರೀಖಿನ ಚಕ್ರ ಪ್ರತಿ ತಿಂಗಳನ್ನೂ 31 ದಿನವೆಂದೇ ತಿಳಿಯುವುದರಿಂದ, ಮಾರ್ಚ್, ಮೇ, ಜುಲೈ, ಅಕ್ಟೋಬರ್ ಮತ್ತು ಡಿಸೆಂಬರ್ ತಿಂಗಳ ಮೊದಲ ದಿನ ಅದನ್ನು ಕೈಯಿಂದ ತಿದ್ದಬೇಕಾಗುತ್ತದೆ.

ಈ ಗಡಿಯಾರಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಚಂದ್ರನ ತಟ್ಟೆ. ಅದರ ಮೇಲೆ ಎದುರುಬದುರಾಗಿ ಎರಡು ಚಂದ್ರರಿರುತ್ತಾರೆ. ಒಬ್ಬನು ಕಿಟಕಿಯಿಂದ ಮರೆಯಾಗುತ್ತಿದ್ದಂತೆ ಇನ್ನೊಬ್ಬನು ಉದಯಿಸುತ್ತಾನೆ. ತಟ್ಟೆಯ ಅಂಚಿನಲ್ಲಿ ಸಾಮಾನ್ಯವಾಗಿ 59 ಹಲ್ಲುಗಳಿದ್ದು, ದಿನಕ್ಕೊಂದರಂತೆ ಸರಿದರೆ ಒಬ್ಬ ಚಂದ್ರನ ಪಾಲಿಗೆ ಇಪ್ಪತ್ತೊಂಬತ್ತೂವರೆ ದಿನ ಬರುತ್ತದೆ. ಇದನ್ನು ಹೊಂದಿಸಲು, ಕಳೆದ ಹುಣ್ಣಿಮೆ ಯಾವ ದಿನವಿತ್ತೆಂದು ನೋಡಿಕೊಂಡು, ಪೂರ್ಣಚಂದ್ರನನ್ನು ಕಿಟಕಿಯ ನಡುವೆ ತಂದು, ಆಮೇಲೆ ಎಷ್ಟು ದಿನ ಕಳೆದಿವೆಯೋ ಅಷ್ಟು ಸಲ ಕವಚದ ಪಕ್ಕದಲ್ಲಿ ಒಳಕ್ಕೆ ತಗ್ಗಿರುವ ಸಣ್ಣ ಗುಂಡಿಯನ್ನು ಒತ್ತಬೇಕು. ಒತ್ತಲು ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಕಡ್ಡಿ ಇರಲಿ. ಸೂಜಿ ಜಾರಿದರೆ ಕವಚದ ಮೇಲೆ ಗೀರು ಬೀಳುತ್ತದೆ.

ಆಕಾಶದ ಚಂದ್ರನಿಗಾದರೋ ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ ಬೇಕು. ಆ 44 ನಿಮಿಷಗಳು ತಿಂಗಳು ತಿಂಗಳೂ ಕೂಡಿ, ಎರಡು ವರ್ಷ ಎಂಟು ತಿಂಗಳಾಗುವಷ್ಟರಲ್ಲಿ ತಟ್ಟೆಯ ಚಂದ್ರ ಒಂದು ದಿನ ಮುಂದೆ ಹೋಗಿರುತ್ತಾನೆ. ಗಡಿಯಾರ ಅಷ್ಟು ಕಾಲ ಎಡೆಬಿಡದೆ ನಡೆದಿದ್ದರೆ, ಅದನ್ನು ಒಂದು ದಿನ ನಿಲ್ಲಲು ಬಿಟ್ಟು, ವೇಳೆಯನ್ನೂ ತಾರೀಖನ್ನೂ ಮಾತ್ರ ಗುಂಡಿಗಳಿಂದ ಮುಂದೆ ತಂದರೆ ಚಂದ್ರನು ತನ್ನ ಜಾಗಕ್ಕೆ ಮರಳುತ್ತಾನೆ.