ಹೆಣ್ಣು, ಗಂಡು ಮತ್ತು ಅಳತೆಯ ಪ್ರಶ್ನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹತ್ತನೆಯ ತರಗತಿಯ ಫಲಿತಾಂಶ ಬಂದ ಮನೆಗಳಲ್ಲಿ ಒಂದು ಮಾತು ಪ್ರತಿವರ್ಷ ನಡೆಯುತ್ತದೆ. ಮಗನಿಗೆ ವಿಜ್ಞಾನ ಕೊಡಿಸೋಣ, ಮಗಳಿಗೆ ಬೇರೇನಾದರೂ ಸಾಕು. ಹೆಣ್ಣುಮಕ್ಕಳ ತಲೆಗೆ ಗಣಿತ ಹತ್ತುವುದಿಲ್ಲ, ಅದು ಹುಟ್ಟುಗುಣ. ಈ ಮಾತಾಡುವ ತಂದೆತಾಯಿಯರನ್ನು ಎದುರಿಗೆ ಕೂರಿಸಿಕೊಂಡಂತೆ ಭಾವಿಸಿ ಇಂದು ಮಾತನಾಡುತ್ತೇನೆ. ಮನಶ್ಶಾಸ್ತ್ರವನ್ನು ಪಾಠ ಮಾಡುತ್ತಾ ಬಂದವಳು ನಾನು. ನನಗಿರುವುದು ಒಂದೇ ಪ್ರಶ್ನೆ: ಅಳೆದು ನೋಡಿದ್ದೀರಾ?

ಹೆಣ್ಣಿನ ದೇಹ ಬೇರೆ, ಗಂಡಿನ ದೇಹ ಬೇರೆ. ವರ್ಣತಂತು, ಹಾರ್ಮೋನು, ಸ್ನಾಯು, ಎತ್ತರ, ಇವುಗಳಲ್ಲಿ ವ್ಯತ್ಯಾಸವಿದೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ತಕರಾರು ಇರುವುದು ಬುದ್ಧಿಯ ವಿಷಯದಲ್ಲಿ. 1887ರಲ್ಲಿ ಜಾರ್ಜ್ ರೋಮಾನೆಸ್ ಎಂಬ ವಿಜ್ಞಾನಿ, ಹೆಂಗಸಿನ ಮೆದುಳು ಗಂಡಸಿನದಕ್ಕಿಂತ ಸುಮಾರು ಐದು ಔನ್ಸ್ ಹಗುರ, ಆದ್ದರಿಂದ ಬುದ್ಧಿಯೂ ಕಡಿಮೆ ಇರಲೇಬೇಕು ಎಂದು ಬರೆದರು. ತೂಕ ಹಾಕಿದ್ದು ಮೆದುಳನ್ನು, ತೀರ್ಪು ಕೊಟ್ಟಿದ್ದು ಬುದ್ಧಿಯ ಮೇಲೆ!

ಇದಕ್ಕೆ ಉತ್ತರ ಕೊಟ್ಟವರಲ್ಲಿ ನನಗೆ ಬಲು ಪ್ರಿಯರಾದವರು ಲೀಟಾ ಹಾಲಿಂಗ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ. ಅಮೆರಿಕದ ನೆಬ್ರಾಸ್ಕದಲ್ಲಿ 1886ರಲ್ಲಿ ಹುಟ್ಟಿದವರು, ಶಾಲಾ ಶಿಕ್ಷಕಿ. 1908ರಲ್ಲಿ ನ್ಯೂಯಾರ್ಕಿಗೆ ಬಂದು ಮದುವೆಯಾದರೆ, ಮದುವೆಯಾದ ಹೆಂಗಸಿಗೆ ಅಲ್ಲಿನ ಶಾಲೆಗಳಲ್ಲಿ ಕೆಲಸವಿಲ್ಲ ಎಂಬ ನಿಯಮ. ಅಡುಗೆ, ಹೊಲಿಗೆ ಮಾಡಿಕೊಂಡು ಮನೆಯಲ್ಲಿ ಕುಳಿತರು. ಮುಂದೆ ಓದಲು ಹಣವಿಲ್ಲ. 1911ರಲ್ಲಿ ಕೋಕಾ-ಕೋಲಾ ಕಂಪನಿಯ ಮೇಲೆ ಅಮೆರಿಕ ಸರ್ಕಾರ ಹೂಡಿದ್ದ ಮೊಕದ್ದಮೆಗಾಗಿ, ಕೆಫೀನಿನ ಪರಿಣಾಮವನ್ನು ಪರೀಕ್ಷಿಸುವ ಕೆಲಸ ಗಂಡ ಹ್ಯಾರಿಗೆ ಸಿಕ್ಕಿತು. ಲೀಟಾ ಜೊತೆಗೆ ನಿಂತು ದುಡಿದರು. ಆ ಹಣದಲ್ಲಿ ಅವರ ಓದು ನಡೆಯಿತು.

ಆಗ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಒಪ್ಪಿದ್ದ ಒಂದು ವಾದವಿತ್ತು. ಹೆಂಗಸರೆಲ್ಲ ಬುದ್ಧಿಯಲ್ಲಿ ಸರಿಸುಮಾರು ಒಂದೇ ಮಟ್ಟ. ಮಹಾಮೇಧಾವಿಗಳೂ ಗಂಡಸರಲ್ಲೇ ಹೆಚ್ಚು, ಬುದ್ಧಿಮಾಂದ್ಯರೂ ಗಂಡಸರಲ್ಲೇ ಹೆಚ್ಚು. ಪುರಾವೆ ಕೇಳಿದರೆ, ಬುದ್ಧಿಮಾಂದ್ಯರ ಆಶ್ರಮಗಳಿಗೆ ಹೋಗಿ ನೋಡಿ, ಅಲ್ಲಿರುವವರು ಹೆಚ್ಚಿನವರು ಗಂಡಸರೇ ಎನ್ನುತ್ತಿದ್ದರು. ಲೀಟಾ ಅವರಿಗೆ ನೌಕರಿ ಸಿಕ್ಕಿದ್ದು ಅಂಥ ವ್ಯಕ್ತಿಗಳನ್ನು ಪರೀಕ್ಷಿಸುವ ಕೇಂದ್ರದಲ್ಲೇ. ಅವರು ಬಂದವರ ವಯಸ್ಸನ್ನು ಗಮನಿಸಿದರು. ಹುಡುಗರನ್ನು ಚಿಕ್ಕ ವಯಸ್ಸಿನಲ್ಲೇ ಕರೆತರುತ್ತಿದ್ದರು. ಹೆಂಗಸರು ಬರುತ್ತಿದ್ದದ್ದು ವಯಸ್ಸಾದ ಮೇಲೆ. ಕಾರಣ ಸ್ಪಷ್ಟ. ಬುದ್ಧಿ ಮಂದವಿರುವ ಗಂಡು ಹೊರಗೆ ದುಡಿಯಲಾರದೆ ಬೇಗ ಕಣ್ಣಿಗೆ ಬೀಳುತ್ತಾನೆ. ಹೆಣ್ಣಾದರೆ ಪಾತ್ರೆ ತಿಕ್ಕಿಕೊಂಡು, ಮಗು ನೋಡಿಕೊಂಡು ಯಾರದ್ದಾದರೂ ಮನೆಯ ಮೂಲೆಯಲ್ಲಿ ಇದ್ದುಬಿಡುತ್ತಾಳೆ. ಅಲ್ಲಿಗೆ ಹೋಗಿ ಎಣಿಸಿದವರು ಯಾರು? ಯಾರೂ ಇಲ್ಲ.

ಅಷ್ಟಕ್ಕೇ ಅವರು ಬಿಡಲಿಲ್ಲ. ಹೆಲೆನ್ ಮಾಂಟೆಗ್ಯು ಅವರೊಡನೆ ಆಸ್ಪತ್ರೆಯೊಂದರಲ್ಲಿ ಹುಟ್ಟಿದ 1,000 ಗಂಡು ಶಿಶುಗಳ, 1,000 ಹೆಣ್ಣು ಶಿಶುಗಳ ಅಳತೆಗಳನ್ನು ಹೋಲಿಸಿದರು. ಹುಟ್ಟುಗುಣ ಎನ್ನುತ್ತೀರಲ್ಲ, ಹುಟ್ಟಿದ ಕೂಸಿನಲ್ಲೇ ನೋಡೋಣ ಎಂಬ ಛಲ. ಗಂಡು ಕೂಸುಗಳು ಸರಾಸರಿಯಲ್ಲಿ ತುಸು ದೊಡ್ಡವು, ನಿಜ. ಆದರೆ ಒಂದರಿಂದ ಇನ್ನೊಂದಕ್ಕಿರುವ ಏರುಪೇರು ಗಂಡುಗಳಲ್ಲೇ ಹೆಚ್ಚು ಎಂಬ ಮಾತಿಗೆ ಆಧಾರವೇ ಸಿಗಲಿಲ್ಲ.

ಇನ್ನೊಂದು ವಿಷಯವನ್ನು ತಾಯಂದಿರು ವಿಶೇಷವಾಗಿ ಕೇಳಬೇಕು. ಮುಟ್ಟಿನ ದಿನಗಳಲ್ಲಿ ಹೆಂಗಸಿನ ಬುದ್ಧಿ ಕೆಲಸ ಮಾಡುವುದಿಲ್ಲ ಎಂದು ಅಲ್ಲಿಯ ವೈದ್ಯರೇ ಬರೆಯುತ್ತಿದ್ದ ಕಾಲ ಅದು. ಲೀಟಾ ತಮ್ಮ ಪಿಎಚ್.ಡಿ.ಗೆ ಇದನ್ನೇ ಆರಿಸಿಕೊಂಡರು. ಮಾರ್ಗದರ್ಶಕರು ಎಡ್ವರ್ಡ್ ಥಾರ್ನ್‌ಡೈಕ್. ಗಂಡಸರಲ್ಲೇ ಏರುಪೇರು ಹೆಚ್ಚೆಂಬ ವಾದವನ್ನು ಸ್ವತಃ ನಂಬಿದ್ದವರು! ಹೆಂಗಸರನ್ನೂ ಹೋಲಿಕೆಗೆ ಇಬ್ಬರು ಗಂಡಸರನ್ನೂ ದಿನಾ ತಪ್ಪದೆ ಪರೀಕ್ಷಿಸಿದರು. ಸಣ್ಣ ರಂಧ್ರದೊಳಗೆ ಕಡ್ಡಿಯನ್ನು ಅಂಚಿಗೆ ತಾಗದಂತೆ ಹಿಡಿಯಬೇಕು, ಕೈ ಎಷ್ಟು ನಡುಗುತ್ತದೆ? ಬಣ್ಣಗಳ ಹೆಸರನ್ನು ಎಷ್ಟು ಬೇಗ ಹೇಳಬಲ್ಲಿರಿ? ವಿರುದ್ಧಪದ ಎಷ್ಟು ಬೇಗ ಹೊಳೆಯುತ್ತದೆ? ತಿಂಗಳ ಎಲ್ಲ ದಿನಗಳ ಲೆಕ್ಕ ಇಟ್ಟು 1914ರಲ್ಲಿ ಪ್ರಕಟಿಸಿದರು. ಆ ದಿನಗಳಲ್ಲಿ ಯಾವ ಕುಸಿತವೂ ಇರಲಿಲ್ಲ. ನೂರು ವರ್ಷ ದಾಟಿತು. ಇವತ್ತಿಗೂ ನಮ್ಮಲ್ಲಿ ಹುಡುಗಿಯನ್ನು ಆ ದಿನಗಳಲ್ಲಿ ಹೊರಗೆ ಕೂರಿಸುವವರಿದ್ದಾರೆ. ತಾಳ್ಮೆಯಿಂದ ಹೇಳುವುದು ನನಗೆ ಕಷ್ಟವಾಗುತ್ತದೆ.

ಲೀಟಾ ಬಗ್ಗೆಯೇ ಬಹಳ ಹೊತ್ತು ಮಾತಾಡಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ನಮ್ಮ ದೇಶದ ಈಶಾನ್ಯದಲ್ಲಿ, ಶಿಲ್ಲಾಂಗ್ ಸುತ್ತಮುತ್ತ, ಖಾಸಿ ಮತ್ತು ಕರ್ಬಿ ಜನ ಅಕ್ಕಪಕ್ಕದಲ್ಲಿದ್ದಾರೆ. ಖಾಸಿಗಳಲ್ಲಿ ಆಸ್ತಿ ಕಿರಿಯ ಮಗಳಿಗೆ, ಕರ್ಬಿಗಳಲ್ಲಿ ಗಂಡುಮಕ್ಕಳಿಗೆ. ಗಣಿತಕ್ಕೂ ಬೇಕಾದ, ಆಕಾರಗಳನ್ನು ಹೊಂದಿಸಿ ನೋಡುವ ಬುದ್ಧಿಯನ್ನು ಅಳೆಯಲು ಇಬ್ಬರಿಗೂ ನಾಲ್ಕು ತುಂಡುಗಳ ಒಂದು ಚಿತ್ರವನ್ನು ಕೊಟ್ಟು, ಜೋಡಿಸಲು ಹಿಡಿದ ಹೊತ್ತನ್ನು ಸಂಶೋಧಕರು ಅಳೆದರು. ಕರ್ಬಿ ಗಂಡಸರು ತಮ್ಮ ಹೆಂಗಸರಿಗಿಂತ ಶೇಕಡ 36ರಷ್ಟು ವೇಗವಾಗಿ ಮುಗಿಸಿದರು. ಖಾಸಿಗಳಲ್ಲಿ ಹೆಣ್ಣು ಗಂಡಿನ ನಡುವೆ ಅಂತರವೇ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ಮಗಳ ತಲೆಗೆ ಗಣಿತ ಹತ್ತುವುದಿಲ್ಲ ಎನ್ನುವ ಮೊದಲು, ಅವಳನ್ನು ಯಾವ ಮನೆಯಲ್ಲಿ, ಹೇಗೆ ಬೆಳೆಸಿದಿರಿ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಳೆಯದೆ ಇಬ್ಬರೂ ಒಂದೇ ಎಂದುಕೊಂಡರೂ ಅಷ್ಟೇ ಅಪಾಯ. ಅಮೆರಿಕದಲ್ಲಿ 1977ರಿಂದ 1993ರವರೆಗೆ, ಹೆರುವ ವಯಸ್ಸಿನ ಹೆಂಗಸರನ್ನು ಔಷಧಗಳ ಆರಂಭಿಕ ಪರೀಕ್ಷೆಗಳಿಂದ ಹೊರಗಿಡಬೇಕೆಂಬ ಸೂಚನೆ ಜಾರಿಯಲ್ಲಿತ್ತು. ಜೋಲ್ಪಿಡೆಮ್ ಎಂಬ ನಿದ್ದೆಯ ಗುಳಿಗೆಯನ್ನು ಎಲ್ಲರಿಗೂ 10 ಮಿಲಿಗ್ರಾಂ ಕೊಡುತ್ತಿದ್ದರು. ಹೆಂಗಸರ ದೇಹ ಅದನ್ನು ನಿಧಾನವಾಗಿ ಹೊರಹಾಕುತ್ತದೆ. ಬೆಳಿಗ್ಗೆ ಎದ್ದು ವಾಹನ ಓಡಿಸುವಾಗಲೂ ಮಂಪರು ಉಳಿದಿರುತ್ತದೆ. ಅವರ ಪ್ರಮಾಣವನ್ನು 5 ಮಿಲಿಗ್ರಾಂಗೆ ಇಳಿಸುವಂತೆ ಅಲ್ಲಿನ ಔಷಧ ಆಡಳಿತ ಹೇಳಿದ್ದು 2013ರಲ್ಲಿ.

ಹೃದಯಾಘಾತವೂ ಹೀಗೆಯೇ. ಎದೆನೋವು ಹೆಂಗಸರಿಗೂ ಬರುತ್ತದೆ. ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರುಗಟ್ಟುವುದು, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವು, ವಿಪರೀತ ಸುಸ್ತು ಅವರಲ್ಲಿ ಹೆಚ್ಚಾಗಿ ಕಾಣಿಸುತ್ತವೆ. ಮನೆಯಲ್ಲಿ ಅಮ್ಮನಿಗೆ ಹೀಗಾದಾಗ ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿಸಿ ಮಲಗಿಸಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ದು ಇ.ಸಿ.ಜಿ. ಮಾಡಿಸಿ.

ನಮಸ್ಕಾರ.