ಕಂಬಿ ಕಡಿಯುವ ಹ್ಯಾಮ್‌ಸ್ಟರ್‌ಗೆ ಅಗೆಯಲು ಜಾಗ ಕೊಡಿ

(ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘದಲ್ಲಿ, ಸಾಕುಪ್ರಾಣಿ ಇರುವ ಮನೆಯವರಿಗಾಗಿ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಅಂಗೈಯಲ್ಲಿ ಹಿಡಿಸುವಂಥ ಒಂದು ಪ್ರಾಣಿಯ ಬಗ್ಗೆ ಕೇಳೋದಕ್ಕೆ ಇಷ್ಟು ಜನ ಬಂದಿದ್ದೀರಿ, ಸಂತೋಷ. ಮಕ್ಕಳೆಲ್ಲ ಮುಂದೆ ಕೂತಿದ್ದಾರೆ. ಹ್ಯಾಮ್‌ಸ್ಟರ್ ಬೇಕೇ ಬೇಕು ಅಂತ ಹಟ ಹಿಡಿದವರು ಇವರು. ಅದರ ಸದ್ದಿಗೆ ರಾತ್ರಿ ನಿದ್ದೆ ಕೆಡಿಸಿಕೊಂಡವರು ಹಿಂದಿನ ಸಾಲಿನಲ್ಲಿದ್ದಾರೆ.

ಆ ಸದ್ದಿನ ಬಗ್ಗೆಯೇ ಇವತ್ತು ಮಾತಾಡೋಣ. ರಾತ್ರಿ ಹನ್ನೊಂದು, ಹನ್ನೆರಡಕ್ಕೆ ಶುರುವಾಗುತ್ತೆ. ಲೈಟ್ ಹಾಕದೆ ಹತ್ತಿರ ಹೋಗಿ ನೋಡಿ. ಎರಡು ಮುಂಗಾಲಲ್ಲಿ ಕೇಜಿನ ಕಂಬಿ ಹಿಡಿದುಕೊಂಡಿರುತ್ತೆ, ತುಟಿ ಹಿಂದಕ್ಕೆ ಸರಿದಿರುತ್ತೆ, ಹಳದಿ ಬಾಚಿಹಲ್ಲು ಕಂಬಿಗೆ ಸಿಕ್ಕಿಸಿ ಕಡಿಯುತ್ತಾ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಯುತ್ತೆ. ಮೂಲೆ ಮುಟ್ಟಿದರೆ ಮತ್ತೆ ಮೊದಲಿಂದ. ಗಮನಿಸಿದರೆ ಅದೇ ಕಂಬಿ, ಅದೇ ಜಾಗ, ಅದೇ ಕ್ರಮ. ತುಂಬ ದಿನದಿಂದ ಹೀಗೆ ಮಾಡ್ತಿದ್ದರೆ ಮೂಗಿನ ಮೇಲೆ ಕೂದಲು ಉದುರಿ ಚರ್ಮ ಕಾಣಿಸುತ್ತಿರುತ್ತೆ.

ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಹೇಳೋದು: "ಡಾಕ್ಟ್ರೇ, ಇಲಿ ಜಾತಿ ಅಲ್ವಾ, ಹಲ್ಲು ಬೆಳೀತಾನೇ ಇರುತ್ತಂತೆ, ಅದಕ್ಕೆ ಸವೆಸ್ಕೊಳ್ತಿದೆ." ಅರ್ಧ ನಿಜ. ಹ್ಯಾಮ್‌ಸ್ಟರ್‌ನ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತೆ. ಆದರೆ ಅದು ಸವೆಯೋದು ಹೆಚ್ಚಾಗಿ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಉಜ್ಜಿ, ಜೊತೆಗೆ ಗಟ್ಟಿ ಕಾಳು, ಕಡ್ಡಿ ಕಡಿದು. ಅದಕ್ಕೆ ಕಬ್ಬಿಣ ಬೇಕಿಲ್ಲ. ಕಬ್ಬಿಣ ಕಡಿದರೆ ಹಲ್ಲು ಮುರಿಯಬಹುದು, ವಕ್ರವಾಗಿ ಬೆಳೆಯಬಹುದು. ಮೇಲಿನದೂ ಕೆಳಗಿನದೂ ಒಂದಕ್ಕೊಂದು ಕೂಡದೇ ಹೋದರೆ ಊಟ ನಿಲ್ಲುತ್ತೆ. ಹಾಗಾಗಿ ಈ ಸದ್ದನ್ನು "ಹಲ್ಲಿನ ವಿಷಯ" ಅಂತ ಬಿಟ್ಟುಬಿಡಬೇಡಿ. ಇದು ಒತ್ತಡ. ಪ್ರಾಣಿಗೆ ಮಾಡಬೇಕಾದ ಕೆಲಸ ಒಂದಿದೆ, ಮಾಡೋದಕ್ಕೆ ಜಾಗ ಇಲ್ಲ.

ಯಾವ ಕೆಲಸ? ಸ್ವಲ್ಪ ಹಿಂದಕ್ಕೆ ಹೋಗಬೇಕು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಸಿರಿಯಾದ ಅಲೆಪ್ಪೊ ಹತ್ತಿರದ ಹೊಲವೊಂದನ್ನು ಅಗೆಸಿ, ಒಂದು ತಾಯಿ ಹ್ಯಾಮ್‌ಸ್ಟರನ್ನೂ ಮರಿಗಳನ್ನೂ ಹೊರತೆಗೆದರು. ಇವತ್ತು ಅಂಗಡಿಯಲ್ಲಿ ಸಿಗುವ ಸಿರಿಯನ್ ಹ್ಯಾಮ್‌ಸ್ಟರ್‌ಗಳು, ಆ ಹೊಂಬಣ್ಣದ ದೊಡ್ಡ ಜಾತಿ, ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ಸೂಲಿನ ಸಂತತಿ. ಅಗೆದು ತೆಗೆದ ಗಾಬರಿಯಲ್ಲಿ ಆ ತಾಯಿ ತನ್ನದೇ ಮರಿಯೊಂದನ್ನು ಕಚ್ಚಿ ಕೊಂದಿತ್ತು. ಮರಿ ಹಾಕಿದ ಹ್ಯಾಮ್‌ಸ್ಟರ್‌ನ ಗೂಡಿಗೆ ಕೈ ಹಾಕಬೇಡಿ, ಫೋಟೋ ತೆಗೆಯಬೇಡಿ ಅಂತ ನಾವು ಬಾಯಿ ನೋಯುವಷ್ಟು ಹೇಳೋದು ಇದಕ್ಕೇ.

ಆ ಮೇಲೆ ಅಲೆಪ್ಪೊ ಸುತ್ತಮುತ್ತಲ ಹೊಲಗಳಲ್ಲಿ ಕಾಡು ಹ್ಯಾಮ್‌ಸ್ಟರ್‌ಗಳ ಬಿಲಗಳನ್ನು ಅಳೆದು ನೋಡಿದ್ದಾರೆ. ಸರಾಸರಿ ಆಳ ಸುಮಾರು 65 ಸೆಂಟಿಮೀಟರ್, ಕೆಲವು ಒಂದು ಮೀಟರ್ ದಾಟಿವೆ. ಒಂದು ಬಿಲಕ್ಕೆ ಬೆಳೆದ ಪ್ರಾಣಿ ಒಂದೇ. ಒಳಗೆ ಮಲಗೋ ಕೋಣೆ, ಕಾಳು ಕೂಡಿಡೋ ಕೋಣೆ, ಉಚ್ಚೆಗೆ ಬೇರೆ ಮೂಲೆ. ನಮ್ಮ ಮನೆಯ ಗುಲಾಬಿ ಬಣ್ಣದ ಕೇಜಿನ ತಳದಲ್ಲಿ ಎರಡು ಬೆರಳು ದಪ್ಪ ಮರದ ಹೊಟ್ಟು ಹರಡಿರುತ್ತೇವಲ್ಲ, ಅದರಲ್ಲಿ ಈ ಪ್ರಾಣಿ ಏನನ್ನು ಕಟ್ಟಬೇಕು?

ಸ್ವಿಟ್ಜರ್‌ಲೆಂಡ್‌ನ ಬರ್ನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ಹ್ಯಾಮ್‌ಸ್ಟರ್‌ಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ 10 ಸೆಂಟಿಮೀಟರ್ ಆಳದ ಹಾಸು, ಅಂದರೆ ತಳಕ್ಕೆ ತುಂಬುವ ಹೊಟ್ಟಿನಂಥದ್ದು, ಇನ್ನೊಂದಕ್ಕೆ 40, ಮತ್ತೊಂದಕ್ಕೆ 80 ಕೊಟ್ಟರು. 10 ಸೆಂಟಿಮೀಟರ್‌ನವು ಉಳಿದವಕ್ಕಿಂತ ಬಹಳ ಹೆಚ್ಚು ಕಂಬಿ ಕಡಿದವು. 80 ಸೆಂಟಿಮೀಟರ್ ಸಿಕ್ಕವು ಒಂದೂ ಕಂಬಿಗೆ ಬಾಯಿ ಹಾಕಲಿಲ್ಲ. ಮರುವರ್ಷ ಅಲ್ಲಿಯವರೇ ಕೇಜಿನ ಅಗಲವನ್ನು ಪರೀಕ್ಷಿಸಿದರು. ಚಿಕ್ಕ ಕೇಜಿನವು ಹೆಚ್ಚು ಸಲ, ಹೆಚ್ಚು ಹೊತ್ತು ಕಡಿದವು. ಆದರೆ ಒಂದು ಚದರ ಮೀಟರ್ ಜಾಗ ಕೊಟ್ಟರೂ ಕಡಿತ ಪೂರ್ತಿ ನಿಲ್ಲಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ನಾನು ಎಲ್ಲರಿಗೂ ಹೇಳೋದು: ಜಾಗ ದೊಡ್ಡದು ಮಾಡಿ, ಆದರೆ ದುಡ್ಡು ಲೆಕ್ಕದ್ದಾದರೆ ಮೊದಲು ಆಳಕ್ಕೆ ಹಾಕಿ.

ಜರ್ಮನಿಯ ಪಶುವೈದ್ಯರ ಪ್ರಾಣಿಕಲ್ಯಾಣ ಸಂಘದವರು ಕನಿಷ್ಠ 100 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರ ಅಂತಾರೆ. ಇಲ್ಲಿ ಪೆಟ್ ಶಾಪಲ್ಲಿ ಅಷ್ಟು ದೊಡ್ಡದು ಕೇಳಿದರೆ "ನಾಯಿಗಾ ಸಾರ್?" ಅಂತಾರೆ. ಅಲ್ಲಿ ಹುಡುಕಲೇಬೇಡಿ. ಹಳೇ ಅಕ್ವೇರಿಯಂ ನೋಡಿ. ಮೀನು ಸಾಕೋದು ಬಿಟ್ಟವರ ಮನೆ ಬಾಲ್ಕನಿಯಲ್ಲಿ ನಾಲ್ಕಡಿಯ ಟ್ಯಾಂಕ್ ಧೂಳು ಹಿಡಿದು ಕೂತಿರುತ್ತೆ. ಸಣ್ಣಗೆ ಸೋರುತ್ತಿದ್ದರೂ ಪರವಾಗಿಲ್ಲ, ನಮಗೆ ನೀರು ತುಂಬೋದಿಲ್ಲವಲ್ಲ. ಮೇಲೆ ಗಾಜಿನ ಮುಚ್ಚಳ ಬೇಡ, ಕಟ್ಟಿಗೆಯ ಚೌಕಟ್ಟಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಸಿ. ಕಾರ್ಪೆಂಟರ್ ಹತ್ತಿರ ಪ್ಲೈವುಡ್ಡಲ್ಲಿ ಮಾಡಿಸಿ ಮುಂಭಾಗಕ್ಕೆ ಅಕ್ರಿಲಿಕ್ ಹಾಕಿಸುವವರೂ ಇದ್ದಾರೆ. ಹೊಸ ಪಾಲಿಶ್, ಪೇಂಟ್ ವಾಸನೆ ಇರುವಾಗ ಪ್ರಾಣಿ ಬಿಡಬಾರದು. ದೊಡ್ಡ ಪ್ಲಾಸ್ಟಿಕ್ ಡಬ್ಬವೂ ಆಗುತ್ತೆ, ಮುಚ್ಚಳ ಕತ್ತರಿಸಿ ಜಾಲರಿ ಕೂರಿಸಬೇಕು. ಕಂಬಿಯೇ ಇಲ್ಲದ ಮನೆಯಲ್ಲಿ ಕಂಬಿ ಕಡಿಯೋದು ನಿಲ್ಲುತ್ತೆ, ನಿಜ. ಆದರೆ ಒಳಗೆ ಏನೂ ಕೊಡದೆ ಗೋಡೆ ಮಾತ್ರ ಬದಲಿಸಿದರೆ ಅದು ಮೂಲೆಯಲ್ಲಿ ನಿಂತು ಗಾಜು ಕೆರೆಯಲು ಶುರುಮಾಡುತ್ತೆ. ಸದ್ದು ಕಡಿಮೆಯಾಯಿತು ಅಂತ ನಾವು ಖುಷಿಪಡ್ತೀವಿ, ಅಷ್ಟೆ.

ಇನ್ನು ಹಾಸು. ಟಿಂಬರ್ ಡಿಪೋದಿಂದ ಚೀಲದಲ್ಲಿ ತರುವ ಮರದ ಪುಡಿ ಬೇಡ. ಯಾವ ಮರದ್ದೋ ಗೊತ್ತಿರಲ್ಲ, ಧೂಳು ವಿಪರೀತ, ಬಿಲ ತೋಡಿದರೆ ನಿಲ್ಲೋದೂ ಇಲ್ಲ. ಪರಿಮಳ ಹಾಕಿದ ಹಾಸು ಇನ್ನೂ ಕೆಟ್ಟದ್ದು, ಮೂಗಿನಿಂದಲೇ ಲೋಕ ತಿಳಿಯುವ ಪ್ರಾಣಿ ಇದು. ಹತ್ತಿಯನ್ನಂತೂ ಕೊಡಲೇಬೇಡಿ, ಎಳೆ ಕಾಲಿಗೆ ಸುತ್ತಿಕೊಂಡು ರಕ್ತ ಓಡಾಟ ನಿಲ್ಲುತ್ತೆ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತೆ. ಕಾಗದದ ಹಾಸು ಒಳ್ಳೆಯದು. ಬೆಲೆ ಜಾಸ್ತಿ ಅನ್ನಿಸಿದರೆ ಮುದ್ರಣ ಇಲ್ಲದ ಟಿಶ್ಯೂ, ಕಂದು ಕಾಗದ ಹರಿದು, ಒಣಹುಲ್ಲು ಸೇರಿಸಿ ಹಾಕಿ. ಒಂದು ಪದರ ಹಾಕೋದು, ಅಂಗೈಯಿಂದ ಗಟ್ಟಿಯಾಗಿ ಒತ್ತೋದು, ಮೇಲೆ ತೆಳುವಾಗಿ ಹುಲ್ಲು, ಮತ್ತೆ ಪದರ. ಹೀಗೆ ಒತ್ತಿದರೆ ಮಾತ್ರ ಸುರಂಗ ಕುಸಿಯದೆ ನಿಲ್ಲುತ್ತೆ. 80 ಸೆಂಟಿಮೀಟರ್ ನಮ್ಮ ಮನೆಗಳಲ್ಲಿ ಆಗದ ಮಾತು. ಕನಿಷ್ಠ ಅರ್ಧ ಭಾಗದಲ್ಲಾದರೂ 30 ಸೆಂಟಿಮೀಟರ್, ಅಂದರೆ ಒಂದು ಸ್ಕೇಲು ಎತ್ತರ, ಇರಲಿ. ಉಳಿದರ್ಧ ತಗ್ಗಾಗಿದ್ದರೆ ಅಲ್ಲಿ ಓಡೋ ವೀಲ್, ನೀರು, ಮರಳಿನ ತಟ್ಟೆ ಇಡಬಹುದು. ಭಾರದ ಸಾಮಾನನ್ನು ಹಾಸಿನ ಮೇಲೆ ಇಡಬೇಡಿ. ಅಡಿಯಲ್ಲಿ ತೋಡಿಕೊಂಡು ಹೋದರೆ ಮೇಲೇ ಬೀಳುತ್ತೆ. ಮರದ ಕಾಲು ಕೊಟ್ಟು ನಿಲ್ಲಿಸಿ.

ಮರಳು ಅಂದಾಗ ಒಂದು ಮಾತು. ಪಕ್ಕದ ಸೈಟಿನಲ್ಲಿ ಕಟ್ಟಡ ಕಟ್ಟುತ್ತಿದ್ದಾರೆ ಅಂತ ಎಂ-ಸ್ಯಾಂಡ್ ತಂದು ಹಾಕಬೇಡಿ. ಅದು ಪುಡಿಮಾಡಿದ ಕಲ್ಲು, ಚೂಪು ಅಂಚು, ನುಣ್ಣನೆ ಧೂಳು. ಸಣ್ಣ ಹೊಳೆಮರಳನ್ನು ಜರಡಿ ಹಿಡಿದು, ನಾಲ್ಕಾರು ನೀರಲ್ಲಿ ತೊಳೆದು, ಬಾಣಲೆಯಲ್ಲಿ ಹುರಿದು ಆರಿಸಿ ಹಾಕಿದರೆ ಅದರಲ್ಲಿ ಹೊರಳಾಡಿ ಮೈ ಶುದ್ಧ ಮಾಡಿಕೊಳ್ಳುತ್ತೆ. ನೀರಲ್ಲಿ ಸ್ನಾನ ಮಾಡಿಸುವ ಆಸೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ.

ವೀಲ್ ಬಗ್ಗೆ ಚಿಕ್ಕದಾಗಿ: ಸಿರಿಯನ್‌ಗೆ ಕನಿಷ್ಠ 28 ಸೆಂಟಿಮೀಟರ್ ವ್ಯಾಸ, ಕುಳ್ಳ ಜಾತಿಗೆ, ಅಂದರೆ ಡ್ವಾರ್ಫ್ ಹ್ಯಾಮ್‌ಸ್ಟರ್‌ಗೆ, 20. ಓಡುವಾಗ ಬೆನ್ನು ಬಾಗಿದ್ದರೆ ವೀಲ್ ಚಿಕ್ಕದು. ಓಡೋ ಜಾಗ ಕಂಬಿಕಂಬಿಯಾಗಿದ್ದರೆ ಕಾಲು ಸಿಕ್ಕಿಕೊಳ್ಳುತ್ತೆ, ಸಪಾಟಾಗಿರಲಿ. ಪ್ಲಾಸ್ಟಿಕ್ ಚೆಂಡಿನೊಳಗೆ ಹಾಕಿ ಹಾಲ್‌ನಲ್ಲಿ ಉರುಳಿಸೋದು ನಮಗೆ ತಮಾಷೆ, ಒಳಗಿರುವುದಕ್ಕೆ ಅಲ್ಲ.

ಕಡಿಯಲು ಕೊಡೋದಕ್ಕೆ ಆಮದು ಆಟಿಕೆ ಬೇಕಾಗಿಲ್ಲ. ತೆಂಗಿನಕಾಯಿ ಚಿಪ್ಪು ನಮ್ಮ ಮನೆಯಲ್ಲಿ ಯಾವತ್ತೂ ಇರುತ್ತೆ. ಕಾಯಿ ಪೂರ್ತಿ ಹೆರೆದು, ತೊಳೆದು ಒಣಗಿಸಿ, ಅಂಚು ಉಜ್ಜಿ ಬೋರಲಿಡಿ. ಅಡಗೋದಕ್ಕೂ ಆಯ್ತು, ಕಡಿಯೋದಕ್ಕೂ ಆಯ್ತು. ಔಷಧಿ ಹೊಡೆಯದ ಸೀಬೆ ಮರದ ಕಡ್ಡಿ ಒಣಗಿಸಿ ಕೊಡಬಹುದು. ಪಾರ್ಕಿನಿಂದ ಕಂಡ ಕಂಡ ಕಡ್ಡಿ ಮುರಿದು ತರಬೇಡಿ, ಕಣಗಿಲೆ ನಮ್ಮ ರಸ್ತೆಯ ಡಿವೈಡರ್ ತುಂಬ ಇದೆ, ಅದು ವಿಷ. ಊಟವನ್ನು ಬಟ್ಟಲಿಗೆ ಸುರಿಯುವ ಬದಲು ಹಾಸಿನ ಮೇಲೆ ಚೆಲ್ಲಿ, ಸ್ವಲ್ಪ ಒಳಗೆ ಹುದುಗಿಸಿ. ನವಣೆ ತೆನೆ ಸಿಕ್ಕರೆ ಹಾಗೇ ನೆಟ್ಟುಬಿಡಿ. ಒಂದೊಂದೇ ಕಾಳು ಬಿಡಿಸಿ, ಕೆನ್ನೆಚೀಲ ಉಬ್ಬುವಷ್ಟು ತುಂಬಿಕೊಂಡು, ಬಿಲಕ್ಕೆ ಹೋಗಿ ಎರಡೂ ಮುಂಗಾಲಲ್ಲಿ ಕೆನ್ನೆ ಒತ್ತಿ ಹೊರಹಾಕಿ ಬರೋದಕ್ಕೆ ಅದಕ್ಕೆ ರಾತ್ರಿಯ ದೊಡ್ಡ ಪಾಲು ಬೇಕು.

ಇನ್ನು ಮನೆಯ ವಾತಾವರಣ. ನಮಗೆ 20 ಸಾವಿರ ಹರ್ಟ್ಜ್ ಮೇಲಿನ ಸದ್ದು ಕೇಳಿಸಲ್ಲ. ಹ್ಯಾಮ್‌ಸ್ಟರ್‌ಗೆ 46 ಸಾವಿರದವರೆಗೂ ಕೇಳಿಸುತ್ತೆ. ಇಲಿ ಓಡಿಸೋದಕ್ಕೆ ಅಂತ ಪ್ಲಗ್ಗಿಗೆ ಸಿಕ್ಕಿಸುವ ಅಲ್ಟ್ರಾಸಾನಿಕ್ ಯಂತ್ರ ಅಡುಗೆಮನೆಯಲ್ಲಿ ಇಟ್ಟುಕೊಂಡಿರುವವರು ಕೈ ಎತ್ತಿ. ಹಾಂ, ನೋಡಿ. ಇಲಿಗಾಗಿ ಇಟ್ಟದ್ದು ಹ್ಯಾಮ್‌ಸ್ಟರ್ ಕಿವಿಗೂ ಬೀಳುತ್ತೆ. ಇವತ್ತೇ ಕಿತ್ತುಹಾಕಿ. ಟಿವಿ ಪಕ್ಕ, ಇನ್ವರ್ಟರ್ ಪಕ್ಕ, ಮಿಕ್ಸಿ ಇರುವ ಗೋಡೆಯ ಹಿಂದೆ ಕೇಜ್ ಬೇಡ. ಸೊಳ್ಳೆಬತ್ತಿ, ಊದುಬತ್ತಿ ಹೊಗೆ ಅದಿರುವ ಕೋಣೆಯಲ್ಲಿ ಬೇಡ. ಬಾಲ್ಕನಿಯಲ್ಲಿ ಕಾಗೆ, ಬೆಕ್ಕು. ದೀಪಾವಳಿಯ ದಿನಗಳಲ್ಲಿ ರಸ್ತೆಯ ಕಡೆ ಕಿಟಕಿ ಇಲ್ಲದ ಕೋಣೆಗೆ ಸಂಜೆಗೆ ಮೊದಲೇ ಸಾಗಿಸಿ, ಹಾಸು ಇನ್ನಷ್ಟು ತುಂಬಿ.

ಬೆಂಗಳೂರು ತಂಪು ಅನ್ನೋ ಧೈರ್ಯವೂ ಸಾಲದು. 2024ರ ಏಪ್ರಿಲ್‌ನಲ್ಲಿ ಇಲ್ಲಿ 38 ಡಿಗ್ರಿ ದಾಟಿತ್ತು, ಇದಕ್ಕೆ ಹಿತವಾಗಿರೋದು 20ರಿಂದ 24. ಬೇಸಿಗೆಯಲ್ಲಿ ಗ್ರಾನೈಟ್ ಅಂಗಡಿಯ ಉಳಿಕೆ ತುಂಡೊಂದನ್ನು ಒಳಗಿಡಿ, ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತೆ.

ಈಗ ಮಕ್ಕಳಿಗೆ. ನೀವು ನಾಲ್ಕು ಗಂಟೆಗೆ ಸ್ಕೂಲಿಂದ ಬರ್ತೀರಿ, ಬ್ಯಾಗ್ ಎಸೆದು ಕೇಜ್ ತೆಗೀತೀರಿ. ಅದಕ್ಕೆ ಅದು ನಡುರಾತ್ರಿ ಇದ್ದ ಹಾಗೆ. ಸಂಜೆ ಅದಾಗಿಯೇ ಎದ್ದು ಹೊರಗೆ ಬಂದ ಮೇಲೆ, ಕೈ ಒಳಗಿಟ್ಟು ಸುಮ್ಮನಿರಿ, ಅದು ಹತ್ತಲಿ. ಮೇಲಿಂದ ಕೈ ಹಾಕಿ ಹಿಡಿದರೆ ಹದ್ದು ಎರಗಿದ ಹಾಗೆ ಬೆಚ್ಚುತ್ತೆ.

ದೊಡ್ಡವರಿಗೆ ಒಂದು ಮುಖ್ಯ ಮಾತು. ಕಡಿಯುವ ಸದ್ದು ಕೇಳಿದ ಕೂಡಲೇ ಸೂರ್ಯಕಾಂತಿ ಬೀಜ ಕೊಟ್ಟು ಸುಮ್ಮನಾಗಿಸೋದು, ಇಲ್ಲ ಹೊರಗೆ ಬಿಡೋದು ಮಾಡ್ತೀರಿ. ಕಂಬಿ ಕಡಿದರೆ ಬಾಗಿಲು ತೆರೆಯುತ್ತೆ ಅಂತ ಅದು ಬೇಗನೆ ಕಲಿಯುತ್ತೆ. ಕೇಜ್ ಮೇಲೆ ಬಡಿದು ಗದರಿಸೋದು, ಕಂಬಿಗೆ ಖಾರ ಹಚ್ಚೋದು ಇನ್ನೂ ಕೆಟ್ಟದ್ದು. ಕಡಿತ ಶುರುವಾಗುವ ಹೊತ್ತು ನಿಮಗೆ ಗೊತ್ತಿರುತ್ತಲ್ಲ, ಅದಕ್ಕೂ ಅರ್ಧ ಗಂಟೆ ಮೊದಲೇ ಊಟ ಚೆಲ್ಲಿ, ಆಟಕ್ಕೆ ಬಿಡಿ.

ವಾರವಾರ ಪೂರ್ತಿ ಖಾಲಿ ಮಾಡಿ ಫಿನಾಯಿಲ್ ಹಾಕಿ ತೊಳೆಯೋ ಮನೆಗಳಿವೆ. ಅದರ ವಾಸನೆಯ ಗುರುತೆಲ್ಲ ಅಳಿಸಿ, ಕೂಡಿಟ್ಟ ಕಾಳೆಲ್ಲ ಕಸಕ್ಕೆ ಹಾಕಿದರೆ ಆ ರಾತ್ರಿ ಕಡಿತ ಹೆಚ್ಚೇ. ಉಚ್ಚೆ ಮೂಲೆ ಮಾತ್ರ ಆಗಾಗ ತೆಗೆಯಿರಿ, ಹಾಸು ಬದಲಿಸುವಾಗ ಅರ್ಧದಷ್ಟು ಹಳೆಯದನ್ನೇ ಉಳಿಸಿ. ಒಂಟಿಯಾಗಿದೆ ಪಾಪ ಅಂತ ಜೋಡಿ ತರಬೇಡಿ, ಅಂಗಡಿಯವರು ಎಷ್ಟೇ ಹೇಳಲಿ. ಎರಡು ಸಿರಿಯನ್ ಒಂದೇ ಕೇಜಿನಲ್ಲಿದ್ದರೆ ಒಂದು ಸಾಯೋತನಕ ಕಚ್ಚಾಡಬಹುದು.

ಜೊಲ್ಲು ಸುರಿಯುತ್ತಿದ್ದರೆ, ಊಟ ಬಿಟ್ಟರೆ, ಬಾಲದ ಸುತ್ತ ಒದ್ದೆಯಾಗಿ ಭೇದಿ ಕಂಡರೆ ಅದು ಕೇಜ್ ಬದಲಿಸಿ ಕಾಯುವ ಸಂಗತಿಯಲ್ಲ. ಮರಿಗಳಲ್ಲಿ ಆ ಒದ್ದೆಬಾಲದ ಭೇದಿ ಒಂದೆರಡು ದಿನದಲ್ಲೇ ಜೀವ ತೆಗೆಯುತ್ತೆ, ಅದೇ ದಿನ ತೋರಿಸಿ. ಹೊರಡುವ ಮುಂಚೆ ಫೋನ್ ಮಾಡಿ "ಹ್ಯಾಮ್‌ಸ್ಟರ್ ನೋಡ್ತೀರಾ" ಅಂತ ಕೇಳಿ, ನಾಯಿ-ಬೆಕ್ಕು ಮಾತ್ರ ನೋಡುವವರೇ ಹೆಚ್ಚು. ಮೆಡಿಕಲ್ ಸ್ಟೋರಿನಿಂದ ಅಮಾಕ್ಸಿಸಿಲಿನ್ ತಂದು ನೀವೇ ಹನಿ ಹಾಕಬೇಡಿ. ಪೆನಿಸಿಲಿನ್ ಗುಂಪಿನ ಔಷಧಿ ಇದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಪ್ರಾಣಕ್ಕೇ ಕುತ್ತು ತರುತ್ತೆ.

"ಇದೆಲ್ಲ ಮಾಡಿದರೆ ಎಷ್ಟು ದಿನದಲ್ಲಿ ನಿಲ್ಲುತ್ತೆ?" ಅಂತ ಹಿಂದಿನಿಂದ ಚೀಟಿ ಬಂದಿದೆ. ಹೊಸದಾಗಿ ಹಿಡಿದ ಚಾಳಿಯಾದರೆ, ಬಿಲ ತೋಡಲು ಶುರುಮಾಡಿದ ಮೇಲೆ ಕೆಲವು ವಾರಗಳಲ್ಲಿ ಇಳಿಯೋದನ್ನು ನೋಡಿದ್ದೇನೆ. ತಿಂಗಳುಗಟ್ಟಲೆ ಕಡಿದದ್ದು ಎಲ್ಲ ಕೊಟ್ಟ ಮೇಲೂ ಸ್ವಲ್ಪ ಕಡಿಯುತ್ತಲೇ ಇರಬಹುದು. ಅಂಥದಕ್ಕೆ ಬೈಯಬೇಡಿ, ಮೂಗಿನಲ್ಲಿ ಗಾಯ ಇದೆಯಾ ನೋಡ್ತಾ ಇರಿ, ಹಲ್ಲು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ. ಇನ್ನೊಂದು ಚೀಟಿ ಇದೆ, ಕುಳ್ಳ ಜಾತಿಗೂ ಇಷ್ಟೇ ಆಳ ಬೇಕಾ ಅಂತ. ಅವಕ್ಕೆ 20 ಸೆಂಟಿಮೀಟರ್‌ನಿಂದ ಶುರುಮಾಡಿ. ಜಾಗದ ಅಳತೆ ಮಾತ್ರ ಅಷ್ಟೇ, ಚಿಕ್ಕದಾಗಿವೆ ಅಂತ ಕಡಿಮೆ ಮಾಡಬೇಡಿ.