ಸ್ಪ್ಯಾನಿಶ್ ಇಂಪರ್ಫೆಕ್ತೋ: ನಮ್ಮ 'ತ್ತಿದ್ದೆ' ಇರುವಾಗ ಇಂಗ್ಲಿಷ್ ಯಾಕೆ?

(ಕಾರವಾರದ ಟ್ಯಾಗೋರ್ ಬೀಚ್, ಸಂಜೆ. ಹಿಂದೆ ಅಲೆಯ ಸದ್ದು.)

ನಮಸ್ಕಾರ. ಬೈತಖೋಲ ಬಂದರಿನಲ್ಲಿ ಹಳಬರೊಬ್ಬರನ್ನು ಮಾತಿಗೆ ಎಳೆದು ನೋಡಿ. 'ಆಗೆಲ್ಲಾ ರಂಪಣಿ ಹಾಕ್ತಿದ್ರು, ಊರಿಗೆ ಊರೇ ಬಲೆ ಎಳೀತಿತ್ತು' ಅಂತಾರೆ. 'ಎಳೀತು' ಅನ್ನಲ್ಲ. ಎಷ್ಟು ಸಲ ಎಳೆದರು, ಯಾವತ್ತು ನಿಲ್ಲಿಸಿದರು, ಆ ಲೆಕ್ಕ ಬೇಕಿಲ್ಲ. ಆಗಿನ ರೂಢಿ ಅದು, ಅಷ್ಟೇ. ಸ್ಪ್ಯಾನಿಶ್‌ನಲ್ಲಿ ಇಂಪರ್ಫೆಕ್ತೋ ಅನ್ನುವ ಭೂತಕಾಲ ಮಾಡುವ ಕೆಲಸವೂ ಇದೇ.

ನಾನು ಇದನ್ನು ಇಂಗ್ಲಿಷ್ ಪುಸ್ತಕ ಹಿಡಿದು ಕಲಿಯಲು ಹೋಗಿ ಆರು ತಿಂಗಳು ಒದ್ದಾಡಿದೆ. ಅಲ್ಲಿ 'ಯೂಸ್ಡ್ ಟು ಗೋ' ಬೇರೆ, 'ವಾಸ್ ಗೋಯಿಂಗ್' ಬೇರೆ. ಕನ್ನಡದಲ್ಲಿ ಎರಡಕ್ಕೂ 'ಹೋಗುತ್ತಿದ್ದೆ' ಸಾಕು. ಸ್ಪ್ಯಾನಿಶ್‌ನಲ್ಲೂ ಎರಡಕ್ಕೂ 'ಇಬಾ' ಸಾಕು. ಸುಮ್ನೆ ಊರೆಲ್ಲಾ ಸುತ್ತಿ ಬಂದೆ, ಅಲ್ವಾ?

(ಪರದೆ ಮೇಲೆ: ಪೆಸ್ಕಾರ್ = ಮೀನು ಹಿಡಿ)

ಕೊನೆಯ 'ಆರ್' ತೆಗೆಯಿರಿ. ಅಲ್ಲಿ 'ಆಬಾ' ಅಂಟಿಸಿ.

ಯೋ ಪೆಸ್ಕಾಬಾ: ನಾನು ಮೀನು ಹಿಡಿಯುತ್ತಿದ್ದೆ
ತೂ ಪೆಸ್ಕಾಬಾಸ್: ನೀನು ಹಿಡಿಯುತ್ತಿದ್ದೆ
ಎಯಾ ಪೆಸ್ಕಾಬಾ: ಅವಳು ಹಿಡಿಯುತ್ತಿದ್ದಳು
ನೊಸೋತ್ರೋಸ್ ಪೆಸ್ಕಾಬಮೋಸ್: ನಾವು ಹಿಡಿಯುತ್ತಿದ್ದೆವು
ಎಯೋಸ್ ಪೆಸ್ಕಾಬಾನ್: ಅವರು ಹಿಡಿಯುತ್ತಿದ್ದರು

ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ 'ನೀವು' ಅನ್ನುವಾಗ 'ಪೆಸ್ಕಾಬಾಯ್ಸ್' ಅಂತ ಇನ್ನೊಂದಿದೆ. 'ಪೆಸ್ಕಾಬಮೋಸ್' ಅನ್ನುವಾಗ ಒತ್ತು 'ಕಾ' ಮೇಲೆ ಬೀಳಲಿ.

ನಾನು, ಅವಳು ಎರಡಕ್ಕೂ 'ಪೆಸ್ಕಾಬಾ' ಬಂತು, ನೋಡಿದಿರಾ? ಕನ್ನಡದಲ್ಲಿ 'ಹಿಡಿಯುತ್ತಿದ್ದಳು' ಅಂದರೆ ಯಾರು ಅಂತ ಕೇಳಬೇಕಾಗಿಲ್ಲ. ಸ್ಪ್ಯಾನಿಶ್‌ನಲ್ಲಿ ಕೇಳಬೇಕಾಗುತ್ತದೆ. ಗೊಂದಲ ಆಗುವ ಕಡೆ 'ಯೋ' ಅಥವಾ 'ಎಯಾ' ಸೇರಿಸಿಬಿಡಿ.

'ಎರ್', 'ಇರ್' ಕೊನೆಯ ಕ್ರಿಯಾಪದಗಳಿಗೆ 'ಈಯಾ'. ಕೊಮೆರ್ ಅಂದರೆ ತಿನ್ನು: ಕೊಮೀಯಾ, ಕೊಮೀಯಾಸ್, ಕೊಮೀಯಾಮೋಸ್, ಕೊಮೀಯಾನ್. ದಾರಿ ತಪ್ಪುವವು ಮೂರೇ ಮೂರು. ಸೆರ್ (ಆಗಿರು) 'ಎರಾ' ಆಗುತ್ತದೆ, ಇರ್ (ಹೋಗು) 'ಇಬಾ', ಬೆರ್ (ನೋಡು) 'ಬೆಯೀಯಾ'. ಇಡೀ ಭಾಷೆಗೆ ಮೂರು! ಇಷ್ಟು ಸಲೀಸಾದ ಕಾಲ ಸ್ಪ್ಯಾನಿಶ್‌ನಲ್ಲಿ ಕಡಿಮೆ.

(ಕಾಳಿ ನದಿಯ ದಂಡೆ. ಎದುರಿಗೆ ಸದಾಶಿವಗಡ.)

ಈಗ ಜಾಸ್ತಿ ಜನ ಎಡವುವ ಜಾಗ. ಇಲ್ಲಿನ ಹಳೇ ಸೇತುವೆ 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ ಕುಸಿಯಿತು. ಆಗ ಮೇಲೆ ಒಂದು ಲಾರಿ ಹೋಗುತ್ತಿತ್ತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಜೀವಂತ ಮೇಲೆ ತಂದರು.

ಎರಾ ದೆ ನೋಚೆ: ರಾತ್ರಿಯಾಗಿತ್ತು.
ಉನ್ ಕಮಿಯೋನ್ ಕ್ರುಸಾಬಾ ಎಲ್ ಪ್ವೆಂತೆ: ಒಂದು ಲಾರಿ ಸೇತುವೆ ದಾಟುತ್ತಿತ್ತು.
ಎಲ್ ಪ್ವೆಂತೆ ಸೆ ಕಯೋ: ಸೇತುವೆ ಬಿತ್ತು.

ಬಿದ್ದದ್ದು ಒಂದೇ ಸಲ, ಮುಗಿಯಿತು. ಹಾಗಾಗಿ 'ಕಯೋ', ಅದು ಬೇರೆ ಭೂತಕಾಲ. ದಾಟುತ್ತಿದ್ದದ್ದು ಇಂಪರ್ಫೆಕ್ತೋ. ಆದರೆ ಮೊದಲ ಸಾಲು ನೋಡಿ. ಕನ್ನಡದಲ್ಲಿ 'ಆಗಿತ್ತು' ಅಂದೆವು, 'ತ್ತಿತ್ತು' ಬರಲೇ ಇಲ್ಲ. ಸ್ಪ್ಯಾನಿಶ್ ಮಾತ್ರ ಅಲ್ಲೂ ಇಂಪರ್ಫೆಕ್ತೋ ಹಾಕಿತು. ಸುತ್ತಲಿನ ಸ್ಥಿತಿ, ಹೊತ್ತು, ವಯಸ್ಸು ಹೇಳುವಾಗ ನಮ್ಮ 'ಇತ್ತು', 'ಆಗಿತ್ತು' ಕೂಡ ಈ ರೂಪಕ್ಕೇ ಹೋಗುತ್ತವೆ. ನನ್ನ 'ತ್ತಿದ್ದೆ' ಸೂತ್ರ ಕೈಕೊಡುವುದು ಇಲ್ಲೇ.

ನಿಮಗೊಂದು ಕೆಲಸ. ಕೊಸಿನಾರ್ ಅಂದರೆ ಅಡುಗೆ ಮಾಡು, ಲಾ ಅಬ್ವೆಲಾ ಅಂದರೆ ಅಜ್ಜಿ. 'ಅಜ್ಜಿ ಅಡುಗೆ ಮಾಡುತ್ತಿದ್ದಳು' ಅನ್ನುವುದನ್ನು ಬರೆದು ಕಳಿಸಿ. ಬಂಗಡೆ ಸಾರು ಅಂತ ಸೇರಿಸಬೇಕು ಅನ್ನಿಸಿದರೆ, ಅದು ಕನ್ನಡದಲ್ಲೇ ಇರಲಿ.